ಕೊಬ್ಬರಿ ಮಾರಿದ ದುಡ್ಡಿಗೆ ವೀಸಾ ಕೊಡುತ್ತಾರಾ?

ಅರಸೀಕೆರೆಯ ನಮ್ಮ ಮನೆಯ ನಡುಮನೆಯಲ್ಲಿ ಹತ್ತು ದಿನದಿಂದ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡು ಕೂತಿವೆ. ಒಂದರಲ್ಲಿ ಅಮ್ಮನ ಸ್ವೆಟರು, ಸಾಕ್ಸು, ಬಿ.ಪಿ. ಮಾತ್ರೆ, ಅದರ ಜೊತೆ ಡಾಕ್ಟರ ಚೀಟಿ. ಇನ್ನೊಂದರಲ್ಲಿ ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು. ಜೂನ್ ಮೊದಲ ವಾರ ನಾನೂ ಅಮ್ಮನೂ ಪ್ಯಾರಿಸ್, ಲುಸರ್ನ್, ವೆನಿಸ್, ರೋಮ್ ಅಂತ ಹನ್ನೆರಡು ದಿನದ ಪ್ರವಾಸ ಹೊರಟಿದ್ದೇವೆ. ಅಮ್ಮನಿಗೆ ಹಿಮ ಮುಟ್ಟಿ ನೋಡಬೇಕು. ಮಿಕ್ಕ ಮೂರು ಊರು ನನ್ನ ಆಸೆ.

ದುಡ್ಡು ಮಾತ್ರ ಕೊಬ್ಬರಿಯದು. 2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದು, ತಿಪಟೂರು–ಅರಸೀಕೆರೆಯ ರೈತರು ಬೀದಿಗಿಳಿದಿದ್ದರಲ್ಲ, ಆಗ ನಮ್ಮನೆಯಲ್ಲಿ ಪ್ರವಾಸದ ಮಾತೇ ಇರಲಿಲ್ಲ. 2025ರಲ್ಲಿ ಕೇಂದ್ರದ ಬೆಂಬಲ ಬೆಲೆ 12,100 ರೂಪಾಯಿ ಇತ್ತು, ಮಾರುಕಟ್ಟೆ ಅದನ್ನು ದಾಟಿ ಎಲ್ಲೋ ಮೇಲೆ ಓಡುತ್ತಿತ್ತು. ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿಯನ್ನು ಅಮ್ಮ ಜನವರಿಯಲ್ಲಿ ಇಳಿಸಿ, ಸುಲಿಸಿ, ಒಡೆಸಿ ಮಾರಿದಳು. ಒಂದೇ ಸಲಕ್ಕೆ ಅವಳ ಬ್ಯಾಂಕ್ ಖಾತೆಗೆ ಅಷ್ಟೊಂದು ದುಡ್ಡು ಬಂದದ್ದು ಅದೇ ಮೊದಲು. "ಸಾಲ ತೀರ್ಸಿ ಮಿಕ್ಕಿದ್ರಲ್ಲಿ ಎಲ್ಲಾದ್ರೂ ದೂರ ಹೋಗ್ಬರನ ಕಣೆ, ಆಮೇಲೆ ಮಂಡಿ ನೋವು ಜಾಸ್ತಿ ಆಗುತ್ತೆ" ಅಂದಳು.

ಕೊಬ್ಬರಿಯ ದುಡ್ಡಲ್ಲಿ ಹೋಗುತ್ತಿರುವ ನಾವು ಕೊಬ್ಬರಿಯನ್ನು ಮಾತ್ರ ಒಯ್ಯುವಂತಿಲ್ಲ ಅನ್ನುವುದು ಸೂಟ್‌ಕೇಸು ತುಂಬುವಾಗ ಗೊತ್ತಾಯಿತು. ವಿಮಾನಯಾನದ ಪಟ್ಟಿಯಲ್ಲಿ ಕೊಬ್ಬರಿಗೆ ಯು.ಎನ್. 1363 ಅಂತ ಸಂಖ್ಯೆಯಿದೆ. ತಾನಾಗಿಯೇ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲು ಅದು. ಎಣ್ಣೆಯಂಶ ಜಾಸ್ತಿ ಅಂತ ಚೆಕ್-ಇನ್ ಬ್ಯಾಗಿಗೆ ಬಿಡುವುದಿಲ್ಲ. ಹಾಲಿನ ಪದಾರ್ಥವನ್ನು ಯುರೋಪಿನ ಒಕ್ಕೂಟ ಒಳಗೆ ಬಿಡುವುದಿಲ್ಲವಾದ್ದರಿಂದ ತುಪ್ಪ, ಪೇಡ ಎರಡೂ ಹೊರಗೆ. ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಆದರೆ ಒಕ್ಕೂಟದ ಅದೇ ನಿಯಮದಲ್ಲಿ ಪ್ರಮಾಣಪತ್ರವೇ ಬೇಡದ ಐದು ಹಣ್ಣುಗಳಿವೆ: ಅನಾನಸ್, ಬಾಳೆ, ಖರ್ಜೂರ, ದುರಿಯನ್, ತೆಂಗು. ಅಂದರೆ ನಮ್ಮ ತೋಟದ ಹಸಿ ಕಾಯಿ ಯಾವ ಕಾಗದವೂ ಇಲ್ಲದೆ ರೋಮ್‌ಗೆ ಇಳಿಯಬಹುದು. ಅದನ್ನು ಬೆಳೆದ ಅಮ್ಮನಿಗೆ ನಾನು ಸಲ್ಲಿಸಿದ ಕಾಗದ ನಲವತ್ತೇಳು ಪುಟ.

ಈ ನಲವತ್ತೇಳು ಪುಟದ ಬಗ್ಗೆಯೇ ಬರೆಯಬೇಕು ಅಂತ ಕೂತೆ. ಪ್ರವಾಸದ ಪ್ಲಾನಿಂಗ್ ಅಂದರೆ ಯಾವ ಮ್ಯೂಸಿಯಂ, ಯಾವ ರೈಲು ಅಂತ ನಾವು ಅಂದುಕೊಳ್ಳುತ್ತೇವೆ. ನಮ್ಮ ಪಾಸ್‌ಪೋರ್ಟ್ ಇದ್ದವರಿಗೆ ಪ್ಲಾನಿಂಗ್ ಶುರುವಾಗುವುದು ಬೇರೆ ಕಡೆ. ಶೆಂಗನ್ ವೀಸಾ ಒಂದು ಸಿಕ್ಕರೆ 29 ದೇಶ ಸುತ್ತಬಹುದು, ಸರಿ. ಆದರೆ ಅರ್ಜಿ ಹಾಕಬೇಕಾದ್ದು ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ, ದಿನ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಮೊದಲು ಹಾಕಿಕೊಂಡ ಪ್ಲಾನಿನಂತೆ ಹೆಚ್ಚು ದಿನ ಬೀಳುತ್ತಿದ್ದ ದೇಶದ ಅಪಾಯಿಂಟ್‌ಮೆಂಟ್ ಮೇ ಕೊನೆಯವರೆಗೂ ಇರಲಿಲ್ಲ. ಇನ್ನೊಂದು ದೇಶದ್ದು ಮಾರ್ಚ್‌ನಲ್ಲೇ ಖಾಲಿ ಇತ್ತು. ಸರಿ, ಅಮ್ಮನ ಹಿಮದ ಒಂದು ರಾತ್ರಿ ಕತ್ತರಿಸಿ ಇಲ್ಲಿಗೆ ಸೇರಿಸಿದೆವು. ನಮ್ಮ ದಾರಿಯನ್ನು ಬರೆದದ್ದು ನಾವಲ್ಲ, ಖಾಲಿಯಿದ್ದ ಸ್ಲಾಟು.

ಮೇ ತಿಂಗಳ ಗಲಾಟೆಯೂ ಇದರ ಮೇಲೆ ಬಂದು ಕೂತಿತು. ಪಹಲ್ಗಾಮ್, ಆಪರೇಷನ್ ಸಿಂಧೂರ, ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಬಂದ್, ಆಮೇಲೆ ಟರ್ಕಿ ಬಹಿಷ್ಕಾರದ ಕರೆ. ಇಸ್ತಾಂಬುಲ್ ಮೂಲಕ ಹೋಗುವ ಅಗ್ಗದ ಟಿಕೆಟ್ ನೋಡಿಟ್ಟಿದ್ದೆ ಅಂತ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಬಾಯಿಬಿಟ್ಟೆ. ಜೀವಮಾನದಲ್ಲಿ ಪಾಸ್‌ಪೋರ್ಟೇ ಮಾಡಿಸದ ಚಿಕ್ಕಪ್ಪ ಒಬ್ಬರು ನನಗೆ ದೇಶಭಕ್ತಿಯ ಪಾಠ ಮಾಡಿದರು. ನಾವು ಯಾವ ದೇಶಕ್ಕೆ ಹೋಗಬಾರದು ಅನ್ನುವ ಚರ್ಚೆಗೆ ಇರುವ ಹುರುಪು, ನಮ್ಮಲ್ಲಿ ಯಾರು ಹೋಗಲಿಕ್ಕೆ ಆಗುತ್ತಿಲ್ಲ ಅನ್ನುವುದಕ್ಕೆ ಯಾಕಿಲ್ಲ?

ಅಂಕಿ ಸಣ್ಣದೇನಲ್ಲ. ಯುರೋಪಿಯನ್ ಕಮಿಷನ್ 2025ರಲ್ಲಿ ಹೊರಬಿಟ್ಟ ಲೆಕ್ಕದ ಪ್ರಕಾರ 2024ರಲ್ಲಿ ಭಾರತದಿಂದ ಸಲ್ಲಿಕೆಯಾದ ಶೆಂಗನ್ ಅರ್ಜಿ 11 ಲಕ್ಷಕ್ಕೂ ಹೆಚ್ಚು, ತಿರಸ್ಕಾರವಾದದ್ದು ಸುಮಾರು 1.65 ಲಕ್ಷ. ನೂರಕ್ಕೆ ಹದಿನೈದು. ಅರ್ಜಿ ಶುಲ್ಕವನ್ನು 2024ರ ಜೂನ್‌ನಲ್ಲಿ 80 ಯುರೋದಿಂದ 90ಕ್ಕೆ ಏರಿಸಿದರು, 2025ರ ದರದಲ್ಲಿ ಒಂಬತ್ತು ಸಾವಿರದ ಹತ್ತಿರ ಹತ್ತಿರ. ವೀಸಾ ಕೊಡದಿದ್ದರೂ ಅದು ವಾಪಸ್ ಬರುವುದಿಲ್ಲ. ಗುಣಿಸಿ ನೋಡಿ: ಒಂದೇ ವರ್ಷದಲ್ಲಿ 'ಇಲ್ಲ' ಅನ್ನಿಸಿಕೊಳ್ಳುವುದಕ್ಕೆ ಭಾರತೀಯರು ಕೊಟ್ಟ ದುಡ್ಡು ನೂರು ಕೋಟಿ ರೂಪಾಯಿ ಮೀರುತ್ತದೆ.

ಇಷ್ಟು ಜನರಲ್ಲಿ ಯಾರ ಅರ್ಜಿ ಬೀಳುತ್ತದೆ, ಯಾಕೆ ಅನ್ನುವುದನ್ನು ಆ ಅಂಕಿ ಹೇಳುವುದಿಲ್ಲ. ನಾನು ಹತ್ತಿರದಿಂದ ನೋಡಿದ ಮೂರು ಅರ್ಜಿಗಳ ಕತೆ ಹೇಳುತ್ತೇನೆ.

ಮೊದಲನೆಯದು ನನ್ನದು. ಬೆಂಗಳೂರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಸಂಬಳ, ಮೂರು ವರ್ಷದ ಐ.ಟಿ. ರಿಟರ್ನ್, ಕಂಪನಿಯಿಂದ ರಜೆಯ ಪತ್ರ. ಹದಿನೈದು ನಿಮಿಷದಲ್ಲಿ ಫೈಲು ರೆಡಿ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ.

ಎರಡನೆಯದು ಅಮ್ಮನದು. ಫಾರ್ಮಿನಲ್ಲಿ ಉದ್ಯೋಗ ಅಂತ ಒಂದು ಕಾಲಂ. "ತೋಟ ನೋಡ್ಕೊಳ್ಳೋಳು ಅಂತ ಬರಿ" ಅಂದಳು ಅಮ್ಮ. ಟ್ರಾವೆಲ್ ಏಜೆಂಟ್ ಒಪ್ಪಲಿಲ್ಲ. ರೈತ ಅಂದರೆ ಪಹಣಿ ಕೇಳುತ್ತಾರೆ, ಪಹಣಿ ಯಾರ ಹೆಸರಲ್ಲಿದೆ ಅಂದ. ಅಪ್ಪನ ಹೆಸರಲ್ಲಿ. ಅಪ್ಪ ತೀರಿಕೊಂಡು ಮೂರು ವರ್ಷ, ಪೌತಿ ಖಾತೆ ಇನ್ನೂ ಆಗಿಲ್ಲ. ನುಸಿ ರೋಗ ಬಂದಾಗ, ಬರಗಾಲದಲ್ಲಿ ಸಾಲುಸಾಲು ಮರದ ಸುಳಿ ಒಣಗಿ ಬಿದ್ದಾಗ, ಟ್ಯಾಂಕರ್‌ನಲ್ಲಿ ನೀರು ಹೊಡೆಸಿ ಉಳಿದ ಮರ ಉಳಿಸಿಕೊಂಡವಳು ಅಮ್ಮ. ಮಾರುಕಟ್ಟೆಗೆ ಹೋಗಿ ಟೆಂಡರ್ ಬೆಲೆ ನೋಡಿ ಬರುವವಳೂ ಅವಳೇ. ಕಾಲಂನಲ್ಲಿ ನಾನು 'ಹೌಸ್‌ವೈಫ್' ಅಂತ ಟೈಪ್ ಮಾಡಿದೆ, ಮಗಳು ಖರ್ಚು ಭರಿಸುತ್ತಾಳೆ ಅಂತಲೂ ಬರೆದೆ. ದುಡ್ಡು ಅವಳದು, ಪ್ರಾಯೋಜಕಿ ನಾನು! ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವಾದ್ದರಿಂದ ಅವಳಿಗೆ ಅದು ಗೊತ್ತಾಗಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ತೊಡಕು ಅಲ್ಲಿಗೆ ಮುಗಿಯಲಿಲ್ಲ. ಅಮ್ಮನ ಖಾತೆಯ ಪಾಸ್‌ಬುಕ್ ನೋಡಿದರೆ ವರ್ಷಪೂರ್ತಿ ಡೇರಿಯ ಹಾಲಿನ ಬಟವಾಡೆ, ಸಾವಿರ ಎರಡು ಸಾವಿರ. ಫೆಬ್ರವರಿಯಲ್ಲಿ ಒಮ್ಮೆಲೇ ಲಕ್ಷಗಳು. "ಮೇಡಂ, ಇದನ್ನ ಸಡನ್ ಡೆಪಾಸಿಟ್ ಅಂತಾರೆ. ಯಾರ ಹತ್ರನೋ ಸಾಲ ಮಾಡಿ ತೋರಿಸೋಕೆ ಹಾಕಿದಾರೆ ಅಂತ ಡೌಟ್ ಬರುತ್ತೆ" ಅಂದ ಏಜೆಂಟ್. ಅವನು ಸುಳ್ಳು ಹೇಳುತ್ತಿರಲಿಲ್ಲ, ಹಾಗೆ ಮಾಡುವವರೂ ಇದ್ದಾರೆ. ಆದರೆ ಕೊಬ್ಬರಿ ಬೆಳೆಗಾರನ ಎಲ್ಲ ಡೆಪಾಸಿಟೂ ಸಡನ್ನೇ ಅಲ್ಲವೇ? ಕಾಫಿಯದೂ ಅಷ್ಟೇ, ಅಡಿಕೆಯದೂ ಅಷ್ಟೇ, ಶುಂಠಿಯದಂತೂ ಕೇಳಲೇಬೇಡಿ. ಹಾಸನ ಜಿಲ್ಲೆಯ ದುಡ್ಡು ತಿಂಗಳ ಒಂದನೇ ತಾರೀಕು ಬರುವುದಿಲ್ಲ.

ಇದರ ಜೊತೆಗೆ ಐ.ಟಿ. ರಿಟರ್ನ್. ನಮ್ಮ ಆದಾಯ ತೆರಿಗೆ ಕಾಯ್ದೆಯಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ಅದೊಂದೇ ಆದಾಯದ ಮನೆಗಳು ರಿಟರ್ನ್ ಹಾಕುವುದೂ ಇಲ್ಲ. ಇದನ್ನು ನಾವು ರೈತರಿಗೆ ಸಿಕ್ಕ ರಿಯಾಯಿತಿ ಅಂತ ನೋಡುತ್ತೇವೆ. ವೀಸಾ ಕೌಂಟರಿನಲ್ಲಿ ಇದೇ ರಿಯಾಯಿತಿ ಕೊರತೆಯಾಗಿ ಕಾಣುತ್ತದೆ: ತೆರಿಗೆ ಇಲಾಖೆಗೆ ನೀವು ಗೊತ್ತಿಲ್ಲ, ಹಾಗಾದರೆ ನೀವು ಯಾರು? ಹೋಗಲಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೊಡೋಣವೆಂದರೆ ಅಲ್ಲೊಂದು ತಮಾಷೆಯಿದೆ. ಓದುವಾಗ ನನ್ನ ಸ್ಕಾಲರ್‌ಶಿಪ್ಪಿಗೆಂದು ಅಪ್ಪ ಮಾಡಿಸಿದ ಪ್ರಮಾಣಪತ್ರದಲ್ಲಿ ನಮ್ಮ ಆದಾಯ ಎಷ್ಟಿತ್ತು ಅಂತ ಇಲ್ಲಿ ಬರೆದರೆ ನಿಮಗೂ ನಗು ಬಂದೀತು. ನಿಮ್ಮ ಮನೆಯದೂ ಹಾಗೇ ಇರುತ್ತದೆ. ಹಳ್ಳಿಯ ಮನೆಗಳು ರಾಜ್ಯದ ಮುಂದೆ ಬಡವರೆಂದು ರುಜುವಾತು ಮಾಡಿಕೊಂಡೇ ಎರಡು ತಲೆಮಾರು ಬದುಕಿವೆ. ಈಗ ಇನ್ನೊಂದು ರಾಜ್ಯ ಶ್ರೀಮಂತರೆಂದು ರುಜುವಾತು ಮಾಡಿ ಅನ್ನುತ್ತಿದೆ. ಎರಡಕ್ಕೂ ಒಂದೇ ಫೈಲು ಸಾಲುವುದಿಲ್ಲ.

ಕೊನೆಗೆ ಎಪಿಎಂಸಿ ರಸೀದಿಗಳನ್ನು ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಿ, ಕವರಿಂಗ್ ಲೆಟರ್‌ನಲ್ಲಿ ಒಂದು ಇಡೀ ಪುಟ ಉಂಡೆ ಕೊಬ್ಬರಿ ಹೇಗಾಗುತ್ತದೆ ಅಂತ ಬರೆದೆ. ಕಾಯಿಯನ್ನು ಅಟ್ಟದ ಮೇಲೆ ಹನ್ನೊಂದು ತಿಂಗಳು ಬಿಡಬೇಕು, ಒಳಗಿನ ನೀರು ಇಂಗಿ ತಿರುಳು ಕರಟ ಬಿಡಬೇಕು, ಅಲ್ಲಾಡಿಸಿದರೆ ಗಡಗಡ ಸದ್ದು ಬರಬೇಕು, ಆದ್ದರಿಂದ ದಯವಿಟ್ಟು ವರ್ಷಕ್ಕೊಂದೇ ಜಮೆ ಎಂಬುದನ್ನು ಗಮನಿಸುವುದು. ರಾಜತಾಂತ್ರಿಕ ಕಚೇರಿಯಲ್ಲಿ ಅದನ್ನು ಯಾರು ಓದಿದರೋ ಬಿಟ್ಟರೋ, ಅಮ್ಮನ ವೀಸಾ ಬಂತು. ನನ್ನ ಸಂಬಳದ ಬಲದಿಂದ ಬಂತು ಅನ್ನುವುದು ನನ್ನ ಅನುಮಾನ. ಗಡಗಡ ಸದ್ದಿನಿಂದಲೇ ಬಂತು ಅನ್ನುವುದು ಅಮ್ಮನ ನಂಬಿಕೆ.

ಮೂರನೆಯ ಅರ್ಜಿ ಬಿದ್ದುಹೋಯಿತು. ಅದು ಹಳೇಬೀಡಿನ ನನ್ನ ಗೆಳೆಯನದು. ನನಗಿಂತ ಮೂರು ವರ್ಷ ಚಿಕ್ಕವನು, ಒಂದೇ ಕಾಲೇಜು, ಈಗಲೂ 'ಅಕ್ಕ' ಅಂತಲೇ ಕರೆಯುತ್ತಾನೆ. ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ಹದಿನಾಲ್ಕು ವರ್ಷದಿಂದ ಗೈಡ್. ಅಡಿಪಟ್ಟಿಯ ಆನೆ, ಸಿಂಹ, ಕುದುರೆಯ ಸಾಲಿನಿಂದ ಹಿಡಿದು ಮೇಲಿನ ಮಹಾಭಾರತ, ರಾಮಾಯಣದವರೆಗೆ ಇಂಗ್ಲಿಷು, ಹಿಂದಿ, ತಕ್ಕಮಟ್ಟಿನ ಫ್ರೆಂಚಿನಲ್ಲಿ ವಿವರಿಸುತ್ತಾನೆ. ಫ್ರೆಂಚನ್ನು ಯಾವ ಕ್ಲಾಸಿಗೂ ಹೋಗಿ ಕಲಿತದ್ದಲ್ಲ, ಪ್ರವಾಸಿಗರ ಬಾಯಿಂದ ಕೇಳಿ ಕಲಿತದ್ದು. ಫ್ರೆಂಚ್ ಮಾತಾಡುವ ವಯಸ್ಸಾದ ದಂಪತಿ ಮೂರು ಸಲ ಬಂದು, ಮೂರು ಸಲವೂ ಇವನನ್ನೇ ಹುಡುಕಿಕೊಂಡು ಹೋದವರು, ಈ ಬೇಸಿಗೆಗೆ ನಮ್ಮನೆಗೆ ಬಾ ಅಂತ ಕರೆದರು. ಟಿಕೆಟ್ ನಾವೇ ತೆಗೆಯುತ್ತೇವೆ ಅಂತ ಪತ್ರ ಬರೆದುಕೊಟ್ಟರು. ಬೇಸಿಗೆ ಹೇಗಿದ್ದರೂ ವಿದೇಶಿಯರು ಬರುವ ಕಾಲವಲ್ಲ, ಶಾಲೆಯ ರಜೆ ಮುಗಿದರೆ ಹಳೇಬೀಡಿನ ಕಲ್ಲು ಕಾದ ಬಾಣಲೆ.

ಮಾರ್ಚ್‌ನಲ್ಲಿ ಅರ್ಜಿ ಹಾಕಿದ, ಏಪ್ರಿಲ್‌ನಲ್ಲಿ ಪಾಸ್‌ಪೋರ್ಟ್ ವಾಪಸ್ ಬಂತು. ಜೊತೆಗೆ ಒಂದು ಅಚ್ಚಿನ ಹಾಳೆ, ಅದರಲ್ಲಿ ಸಂಖ್ಯೆ ಹಾಕಿದ ಕಾರಣಗಳ ಪಟ್ಟಿ, ಒಂದರ ಮುಂದೆ ಗುರುತು. ವೀಸಾ ಅವಧಿ ಮುಗಿಯುವ ಮುನ್ನ ನೀವು ಮರಳಿ ಹೋಗುವ ಉದ್ದೇಶದ ಬಗ್ಗೆ ನಮಗೆ ಅನುಮಾನವಿದೆ ಅನ್ನುವ ಅರ್ಥದ ಸಾಲು ಅದು. ಶುಲ್ಕ, ಸೇವಾ ಶುಲ್ಕ, ಮೂವತ್ತು ಸಾವಿರ ಯುರೋದ ವಿಮೆ, ಬೆಂಗಳೂರಿಗೆ ಎರಡು ಸಲ ಓಡಾಟ, ಎಲ್ಲ ಸೇರಿ ಎರಡು ತಿಂಗಳ ಉಳಿತಾಯ ಹೋಯಿತು. "ಅಕ್ಕ, ನಾನು ಹಳೇಬೀಡು ಬಿಟ್ಟು ಅಲ್ಲಿ ಏನ್ ಮಾಡ್ಲಿ? ಅಲ್ಲಿ ಹೊಯ್ಸಳೇಶ್ವರ ಇದೆಯಾ?" ಅಂತ ಕೇಳಿದ. ಮೇಲ್ಮನವಿಗೆ ಅವಕಾಶ ಇದೆ, ಆದರೆ ಅದು ಆ ದೇಶದ ಕಾನೂನಿನಂತೆ ನಡೆಯಬೇಕು. ಹಳೇಬೀಡಿನಲ್ಲಿ ಕೂತು ಅಲ್ಲಿನ ವಕೀಲರನ್ನು ಎಲ್ಲಿ ಹುಡುಕುವುದು?

ಅವನ ಫೈಲಿನಲ್ಲಿ ಏನಿತ್ತು? ಅವನ ಆದಾಯ ನಗದು, ಈಚೆಗೆ ಯುಪಿಐ. ರಿಟರ್ನ್ ಹಾಕಿಲ್ಲ. ಹೆಂಡತಿಯ ಖಾತೆಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ, ಮನೆಗೆ ಬಿಪಿಎಲ್ ಕಾರ್ಡಿದೆ. ಗೃಹಲಕ್ಷ್ಮಿಯ ನಿಯಮದಂತೆ ಹೆಂಡತಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ ದುಡ್ಡಿಲ್ಲ. ಇವನ ಗಳಿಕೆಗೆ ತೆರಿಗೆ ಬೀಳುವುದಿಲ್ಲ, 2025ರ ಬಜೆಟ್ಟಿನಿಂದಂತೂ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ. ಆದರೂ ಸೊನ್ನೆ ತೆರಿಗೆಯ ರಿಟರ್ನ್ ಹಾಕಿದರೂ ಕಂಪ್ಯೂಟರ್ ತನ್ನನ್ನು ತೆರಿಗೆದಾರರ ಪಟ್ಟಿಗೆ ಸೇರಿಸಿಬಿಟ್ಟರೆ ಅಂತ ಹೆದರಿಕೆ. ಹಾಗಾಗಿ ಒಂದು ಸರ್ಕಾರದ ಎರಡು ಸಾವಿರ ಉಳಿಸಿಕೊಳ್ಳಲು ಕಾಗದದಲ್ಲಿ ಇಲ್ಲದವನಾಗಿರಬೇಕು, ಇನ್ನೊಂದು ಸರ್ಕಾರದ ವೀಸಾಕ್ಕೆ ಕಾಗದದಲ್ಲಿ ಇರಬೇಕು. ಬಲಪಂಥದವರು ಇದನ್ನು ಗ್ಯಾರಂಟಿಯ ತಪ್ಪು ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ಎರಡು ಸಾವಿರದಲ್ಲಿ ಮಗಳ ಟ್ಯೂಷನ್ ನಡೆಯುತ್ತಿದೆ. ತಪ್ಪಿರುವುದು, ತಿಂಗಳ ಸಂಬಳವೊಂದನ್ನೇ ದುಡಿಮೆ ಅಂತ ಗುರುತಿಸುವ ಕಣ್ಣಿನಲ್ಲಿ.

ನೀವು ಕೇಳಬಹುದು: ಒಂದು ದೇಶ ತನ್ನ ಬಾಗಿಲಲ್ಲಿ ಯಾರನ್ನು ಬಿಡಬೇಕು ಅಂತ ತೀರ್ಮಾನಿಸಬಾರದಾ? ತೀರ್ಮಾನಿಸಲಿ. ಪ್ರವಾಸಿ ವೀಸಾದಲ್ಲಿ ಹೋಗಿ ಉಳಿದುಬಿಡುವವರು ಇದ್ದಾರೆ, ಅದನ್ನೇ ದಂಧೆ ಮಾಡಿಕೊಂಡ ಏಜೆಂಟರೂ ಇದ್ದಾರೆ. ನಮ್ಮ ದೇಶವೂ ಈ ವಿಷಯದಲ್ಲಿ ಸಂತನಲ್ಲ, ನೆರೆಯವರಿಗೆ ನಾವು ವೀಸಾ ಕೊಡುವ ರೀತಿ ನೋಡಿದರೆ ಗೊತ್ತಾಗುತ್ತದೆ. ನನ್ನ ತಕರಾರು ಪ್ರಶ್ನೆ ಕೇಳುವುದರ ಬಗ್ಗೆ ಅಲ್ಲ, ಕೇಳುವ ಪ್ರಶ್ನೆಯ ಬಗ್ಗೆ. ಮರಳಿ ಬರುತ್ತೀಯಾ ಅನ್ನುವುದಕ್ಕೆ ಹದಿನಾಲ್ಕು ವರ್ಷ ಒಂದೇ ದೇವಸ್ಥಾನದ ಸುತ್ತ ಸುತ್ತಿದ್ದು ಉತ್ತರವಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಉತ್ತರ. ಹಾಗೆ ನೋಡಿದರೆ ವಿದೇಶದಲ್ಲಿ ನೆಲೆನಿಂತ ನಮ್ಮೂರಿನವರಲ್ಲಿ ನನಗೆ ಗೊತ್ತಿರುವವರೆಲ್ಲ ಒಳ್ಳೆಯ ಸ್ಟೇಟ್‌ಮೆಂಟ್ ಇದ್ದವರೇ.

ಈಗ ತಿರುಗಿಸಿ ನೋಡಿ. ಆ ದಂಪತಿ ಹಳೇಬೀಡಿಗೆ ಬರಬೇಕಾದರೆ ಮನೆಯಲ್ಲೇ ಕೂತು ಇ-ವೀಸಾ ತುಂಬುತ್ತಾರೆ. ಒಂದು ಫೋಟೋ, ಪಾಸ್‌ಪೋರ್ಟಿನ ಪುಟ, ಅಷ್ಟೇ. ಏಪ್ರಿಲ್‌ನಿಂದ ಜೂನ್‌ವರೆಗೆ ಬಹುತೇಕ ದೇಶದವರಿಗೆ ಮೂವತ್ತು ದಿನದ ಪ್ರವಾಸಿ ವೀಸಾಕ್ಕೆ ಹತ್ತು ಡಾಲರ್. ಬಿಸಿಲಿಗೆ ರಿಯಾಯಿತಿ. ಬ್ಯಾಂಕಿನ ಲೆಕ್ಕ ಯಾರೂ ಕೇಳುವುದಿಲ್ಲ. ಕೇಳಬೇಕು ಅಂತ ನಾನು ಹೇಳುತ್ತಿಲ್ಲ. ಬೇಲೂರು, ಹಳೇಬೀಡು ಎರಡರ ಹೊಟ್ಟೆಯೂ ತುಂಬುವುದು ಬರುವವರಿಂದಲೇ. 2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇಲ್ಲಿ ಪಟಾಕಿ ಹೊಡೆದರು, ಎಲ್ಲ ಪಕ್ಷದವರೂ ಟ್ವೀಟ್ ಮಾಡಿದರು. ನಮ್ಮ ಕಲ್ಲು ವಿಶ್ವದ್ದಾಯಿತು. ಕಲ್ಲಿನ ಬಗ್ಗೆ ಹೇಳುವವನು ಹಾಸನ ಜಿಲ್ಲೆಯವನಾಗಿಯೇ ಉಳಿದ. (ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿ, ಬಳ್ಳಿಗಾವೆಯವರು ಅಂತ ಊರನ್ನೂ ಕೆತ್ತಿದ್ದಾರೆ. 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನದಲ್ಲಿ ಕೆಲಸಕ್ಕೆ ಬಂದವರ ವಿಳಾಸ ದಾಖಲೆ ಅದು, ಅವರೇ ಬರೆದುಕೊಂಡದ್ದು.)

ದೆಹಲಿಯಲ್ಲಿ ಇದರ ಮಾತು ನಡೆಯುತ್ತಿಲ್ಲವೆಂದಲ್ಲ. ಯುರೋಪಿಯನ್ ಒಕ್ಕೂಟದ ಜೊತೆ ಮುಕ್ತ ವ್ಯಾಪಾರ ಒಪ್ಪಂದವನ್ನು 2025ರ ಅಂತ್ಯಕ್ಕೆ ಮುಗಿಸುವ ಆಸೆ ಎರಡೂ ಕಡೆಗಿತ್ತು. ಆದರೆ ಓಡಾಟದ ಪ್ರಶ್ನೆ ಬಂದಾಗ ನಮ್ಮವರು ಎತ್ತುವ ಹೆಸರು ವೃತ್ತಿಪರರದು, ವಿದ್ಯಾರ್ಥಿಗಳದು. 2024ರ ಏಪ್ರಿಲ್‌ನಲ್ಲಿ ಒಕ್ಕೂಟ ಭಾರತೀಯರಿಗೆಂದೇ ಒಂದು ಸಡಿಲಿಕೆ ಕೊಟ್ಟಿತು: ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ್ದು. ನನಗೆ ಇದು ಮುಂದೆ ಅನುಕೂಲವಾಗುತ್ತದೆ. ಮೊದಲ ಮೆಟ್ಟಿಲಲ್ಲೇ ಜಾರಿದವನಿಗೆ ಇದರಿಂದ ಏನೂ ಇಲ್ಲ. ಅವನ ನಿರಾಕರಣೆ ಮಾತ್ರ ಶೆಂಗನ್‌ನ ವೀಸಾ ದಾಖಲೆಯಲ್ಲಿ ಐದು ವರ್ಷ ಇರುತ್ತದೆ, ಮುಂದಿನ ಸಲ ಯಾವ ದೇಶಕ್ಕೆ ಅರ್ಜಿ ಹಾಕಿದರೂ ಅಲ್ಲಿನವರು ತೆರೆದು ನೋಡಬಹುದು.

ಇಲ್ಲೇ ಮಾಡಬಹುದಾದ ಕೆಲಸಗಳೂ ಇವೆ. ಪ್ರವಾಸೋದ್ಯಮ ಇಲಾಖೆ ಗೈಡ್‌ಗಳಿಗೆ ಗುರುತಿನ ಚೀಟಿ ಕೊಡುತ್ತದೆ. ಅದರ ಜೊತೆ ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನೆ ಅನ್ನುವ ಸೇವಾ ಪತ್ರವನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಅವನಿಗೊಂದು ಕಾಗದವಾದರೂ ಸಿಗುತ್ತದೆ. ಎಪಿಎಂಸಿಗಳು ಮಾರಾಟದ ವಾರ್ಷಿಕ ವಿವರವನ್ನು ಬೆಳೆಗಾರನ ಹೆಸರಲ್ಲಿ ಕೊಡಬಹುದು. ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವರನ್ನು ಗೃಹಲಕ್ಷ್ಮಿಯಿಂದ ಕೈಬಿಡುವುದಿಲ್ಲ ಅಂತ ಸರ್ಕಾರ ಎಲ್ಲ ಪಂಚಾಯಿತಿ ಕಚೇರಿಗಳಲ್ಲಿ ಬರೆದು ಅಂಟಿಸಬಹುದು. ವೀಸಾ ಸಿಗುವ ಗ್ಯಾರಂಟಿ ಇವ್ಯಾವುದರಲ್ಲೂ ಇಲ್ಲ, ಗೊತ್ತು. ಆದರೆ ಹಾಸನಕ್ಕೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರ ತಂದದ್ದನ್ನು ಸಾಧನೆ ಅಂತ ಹೇಳಿಕೊಳ್ಳುವವರು, ಆ ಪಾಸ್‌ಪೋರ್ಟಿನ ಖಾಲಿ ಪುಟಗಳ ಕಡೆಗೂ ನೋಡಬೇಕಲ್ಲ.

ಮೊನ್ನೆ ಭಾನುವಾರ ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿದ್ದೆವು, ಅಮ್ಮ ದೇವರಿಗೆ ಹೇಳಿ ಬರಬೇಕೆಂದಳು. ಗೆಳೆಯ ಸ್ವಿಟ್ಜರ್ಲೆಂಡಿನ ಪ್ಲಗ್ಗು ಬೇರೆ, ಮೂರು ಕಡ್ಡಿಯ ಅಡಾಪ್ಟರ್ ತಗೊಳ್ಳಿ ಅಂತ ನನಗೇ ಹೇಳಿಕೊಟ್ಟ. ವೆನಿಸ್‌ನಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರು ಕೆಲವು ದಿನ ಐದು ಯುರೋ ಕಟ್ಟಬೇಕು, ತಡವಾಗಿ ಬುಕ್ ಮಾಡಿದರೆ ಹತ್ತು, ರಾತ್ರಿ ಉಳಿಯುವವರಿಗೆ ಇಲ್ಲ ಅಂತಲೂ ಅವನಿಗೆ ಗೊತ್ತು. "ನಮ್ಮಲ್ಲೂ ಹಂಗೆ ಮಾಡಿದ್ರೆ ಚೆನ್ನಾಗಿರದು ಅಕ್ಕ, ಒಂದು ಗಂಟೆ ನೋಡಿ ಎಲ್ರೂ ಚಿಕ್ಕಮಗಳೂರಿಗೆ ಹೋಗ್ಬಿಡ್ತಾರೆ" ಅಂದ. ಹೊರಡುವಾಗ ಅವನ ಹೆಂಡತಿ ಕಾಫಿ ತಂದುಕೊಟ್ಟು, ಅವನು ಚಪ್ಪಲಿ ಹಾಕಿಕೊಳ್ಳಲು ಆಚೆ ಹೋದ ಹೊತ್ತು ನೋಡಿ ಕೇಳಿದಳು: "ಮುಂದಿನ ವರ್ಷಕ್ಕೆ ರಿಟರ್ನ್ ಹಾಕ್ತೀನಿ ಅಂತಿದಾರೆ. ಹಾಕಿದ್ರೆ ನನ್ನ ಎರಡು ಸಾವಿರ ಹೋಗುತ್ತಾ ಅಕ್ಕ?"

ಹಾಸನದ ಆಡಿಟರ್ ಒಬ್ಬರಿಗೆ ಫೋನ್ ಮಾಡಿ ಕೇಳಿದೆ. ತೆರಿಗೆ ಸೊನ್ನೆಯಾದರೆ ನಿಯಮದ ಪ್ರಕಾರ ಹೋಗಬಾರದು, ಹೋದರೆ ಕಚೇರಿಗೆ ಓಡಾಡಿ ಸರಿ ಮಾಡಿಸಬೇಕು ಅಂದರು. ಅದನ್ನೇ ಅವಳಿಗೆ ಹೇಳಿದೆ. ಎಷ್ಟು ದಿನ ಓಡಾಡಬೇಕಾಗುತ್ತೆ ಅಂತ ಕೇಳಿದಳು.